ಪದಜಿಜ್ಞಾಸೆ: ‘ಪೆಪ್ಪರ್’ ಎಂದರೆ ಕರಿಮೆಣಸೋ, ಮೆಣಸಿನಕಾಯಿಯೋ?

ಪ್ರಶ್ನೆ: ನಾವು ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ರೊಮೇನಿಯಾದಿಂದ ಬಂದಿದ್ದ ದಂಪತಿಗೆ ನಮ್ಮ ತೋಟದ ಕರಿಮೆಣಸನ್ನು ಕೊಡುವಾಗ ಪೊಟ್ಟಣದ ಮೇಲೆ ಅವರ ಭಾಷೆಯಲ್ಲೇ ಹೆಸರು ಬರೆಯೋಣವೆಂದು ಮೊಬೈಲಿನಲ್ಲಿ ‘ಪೆಪ್ಪರ್’ ಎಂಬ ಇಂಗ್ಲಿಷ್ ಪದಕ್ಕೆ ಅನುವಾದ ಹುಡುಕಿದೆವು. ‘ಆರ್ದೆಯ್’ ಎಂದು ಬಂತು. ಅದು ದೊಣ್ಣೆಮೆಣಸಿನಕಾಯಿಯ ಹೆಸರೆಂದು ಅತಿಥಿಗಳು ತಿಳಿಸಿದರು. ಸರಿಯಾದ ಪದ ಯಾವುದು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ಪೊಟ್ಟಣದ ಮೇಲೆ ಇರಬೇಕಾದ ಹೆಸರು ‘ಪಿಪೆರ್ ನೆಗ್ರು’. ‘ಪಿಪೆರ್’ ಎಂದರೆ ಬಳ್ಳಿಯಲ್ಲಿ ಬಿಡುವ ಮೆಣಸು, ‘ನೆಗ್ರು’ ಎಂದರೆ ಕಪ್ಪು. ಇಡೀ ಕಾಳಾಗಿದ್ದರೆ ಜೊತೆಗೆ ‘ಬ್ವಾಬೆ’ ಎಂದೂ, ಪುಡಿ ಮಾಡಿದ್ದರೆ ‘ಮಚಿನಾತ್’ ಎಂದೂ ಸೇರಿಸಬಹುದು. ಕಾಫಿ ಬೀಜಕ್ಕೂ ರೊಮೇನಿಯನ್ನರು ‘ಬ್ವಾಬೆ’ ಎಂದೇ ಹೇಳುವುದರಿಂದ ಆ ಒಂದು ಪದ ನಿಮ್ಮ ತೋಟದ ಎರಡೂ ಫಸಲುಗಳಿಗೆ ಉಪಯೋಗಕ್ಕೆ ಬರುತ್ತದೆ.

ಈ ಗೊಂದಲದ ಮೂಲ ಇಂಗ್ಲಿಷಿನಲ್ಲಿದೆ. ನಮ್ಮ ‘ಹಿಪ್ಪಲಿ’ಯ ಸಂಸ್ಕೃತ ರೂಪವಾದ ‘ಪಿಪ್ಪಲಿ’ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಹೋಗಿ ಅಲ್ಲಿ ಕರಿಮೆಣಸಿನ ಹೆಸರಾಯಿತು. ಇಂಗ್ಲಿಷಿನ ‘ಪೆಪ್ಪರ್’ ಮತ್ತು ರೊಮೇನಿಯನ್ನಿನ ‘ಪಿಪೆರ್’ ಎರಡರ ಬೇರೂ ಅದೇ. 1492ರಲ್ಲಿ ಕೊಲಂಬಸ್ ಹುಡುಕಿಕೊಂಡು ಹೊರಟದ್ದು ಏಷ್ಯಾದ ಸಂಬಾರ ಪದಾರ್ಥಗಳನ್ನು. ಅಮೆರಿಕದ ದ್ವೀಪಗಳಲ್ಲಿ ಅವನಿಗೆ ಸಿಕ್ಕಿದ್ದು ಟೊಮೆಟೊ, ಬದನೆಗಳ ಕುಟುಂಬಕ್ಕೆ ಸೇರಿದ ಮೆಣಸಿನಕಾಯಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸುವ ನಮ್ಮ ಮೆಣಸಿನ ಬಳ್ಳಿಗೂ ಆ ಗಿಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಖಾರ ಕೊಡುವ ವಸ್ತುವೂ ಒಂದರಲ್ಲಿ ಪೈಪರಿನ್, ಇನ್ನೊಂದರಲ್ಲಿ ಕ್ಯಾಪ್ಸೈಸಿನ್. ಆದರೂ ನಾಲಿಗೆ ಉರಿದದ್ದೇ ಸಾಕೆಂಬಂತೆ ಹಳೆಯ ಹೆಸರು ಹೊಸ ಕಾಯಿಗೂ ಅಂಟಿಕೊಂಡಿತು.

ಕನ್ನಡದಲ್ಲಿಯೂ ಇದೇ ನಡೆದಿದೆ ಎಂಬುದನ್ನು ಗಮನಿಸಬೇಕು. ಮೊದಲು ‘ಮೆಣಸು’ ಎಂದರೆ ಬಳ್ಳಿಯ ಕಾಳು ಮಾತ್ರ. ಪೋರ್ಚುಗೀಸರ ಮೂಲಕ ಬಂದ ಕಾಯಿ ‘ಮೆಣಸಿನಕಾಯಿ’ಯಾಗಿ, ಕ್ರಮೇಣ ಹಲವು ಮನೆಗಳಲ್ಲಿ ಬರೀ ‘ಮೆಣಸು’ ಎನ್ನಿಸಿಕೊಂಡು, ಮೂಲದ ಮೆಣಸೇ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂಬ ವಿಶೇಷಣ ಹೊತ್ತು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ರೊಮೇನಿಯನ್ನರು ಹಾಗೆ ಮಾಡಲಿಲ್ಲ. ‘ಉರಿ’ ಎಂಬ ಅರ್ಥದ ತಮ್ಮ ‘ಆರ್ದೆ’ ಕ್ರಿಯಾಪದದಿಂದ ಹೊಸ ಕಾಯಿಗೆ ‘ಆರ್ದೆಯ್’ ಎಂದು ಬೇರೆಯೇ ಹೆಸರು ಕಟ್ಟಿದರು. ಇದು ಇಂಗ್ಲಿಷಿಗಿಂತ ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ.

ವಿಚಿತ್ರವೆಂದರೆ, ಉರಿಯಿಂದ ಹುಟ್ಟಿದ ಈ ಹೆಸರು ಖಾರವೇ ಇಲ್ಲದ ದೊಣ್ಣೆಮೆಣಸಿನಕಾಯಿಗೂ ಸಲ್ಲುತ್ತದೆ. ಅದನ್ನು ‘ಆರ್ದೆಯ್ ಗ್ರಾಸ್’ ಎನ್ನುತ್ತಾರೆ. ‘ಗ್ರಾಸ್’ ಎಂದರೆ ಕೊಬ್ಬಿದ, ದಪ್ಪನೆಯ. ಖಾರದ ಮೆಣಸಿನಕಾಯಿ ‘ಆರ್ದೆಯ್ ಯೂತೆ’. ‘ಯೂತೆ’ಗೆ ಖಾರ ಎಂಬ ಅರ್ಥದ ಜೊತೆಗೆ ವೇಗ ಎಂಬ ಅರ್ಥವೂ ಇದೆ, ಚುರುಕಾದ ಹುಡುಗ, ನಾಲಿಗೆಗೆ ಚುರುಕ್ಕೆನ್ನುವ ಮೆಣಸು ಎಂದು ಹೇಳುವ ನಮಗೆ ಇದು ಅಪರಿಚಿತವೆನಿಸದು. ಕೆಂಪು ಕಾಯಿಯನ್ನು ಒಣಗಿಸಿ ಮಾಡಿದ ಪುಡಿಗೆ ‘ಬೊಯಾ’ ಎಂದು ಹೆಸರು. ಇದು ಬಣ್ಣ ಎಂಬ ಅರ್ಥದ ತುರ್ಕಿ ಪದದಿಂದ ಬಂದದ್ದು.

ಪ್ರಶ್ನೆ: ಪಂದಿ ಕರಿ (ಕೊಡಗಿನ ಹಂದಿಮಾಂಸದ ಸಾರು) ಮಾಡುವ ಕ್ರಮವನ್ನು ರೊಮೇನಿಯಾದ ಸ್ನೇಹಿತೆಗೆ ಇಂಗ್ಲಿಷಿನಲ್ಲಿ ಬರೆದು ಕಳುಹಿಸಬೇಕಾಗಿದೆ. ಹಸಿಮೆಣಸನ್ನು ‘ಗ್ರೀನ್ ಪೆಪ್ಪರ್’ ಎಂದು ಬರೆಯಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದಯವಿಟ್ಟು ಬರೆಯಬೇಡಿ. ಆ ಇಂಗ್ಲಿಷ್ ಮಾತನ್ನು ಹಸಿರು ದೊಣ್ಣೆಮೆಣಸಿನಕಾಯಿ ಎಂದೂ, ಹಸಿ ಮೆಣಸಿನಕಾಯಿ ಎಂದೂ, ನಮ್ಮಲ್ಲಿ ಗೊಂಚಲಿನ ಸಮೇತ ಉಪ್ಪಿನಕಾಯಿ ಹಾಕುವ ಎಳೆಯ ಕಾಳುಮೆಣಸು ಎಂದೂ ಮೂರು ರೀತಿಯಲ್ಲಿ ಓದಬಹುದು. ರೊಮೇನಿಯನ್ನಿನಲ್ಲಿ ಇವು ಕ್ರಮವಾಗಿ ‘ಆರ್ದೆಯ್ ಗ್ರಾಸ್ ವೆರ್ದೆ’, ‘ಆರ್ದೆಯ್ ಯೂತೆ ವೆರ್ದೆ’ ಮತ್ತು ‘ಪಿಪೆರ್ ವೆರ್ದೆ’; ‘ವೆರ್ದೆ’ ಎಂದರೆ ಹಸಿರು. ನಿಮ್ಮ ಅಡುಗೆಗೆ ಬೇಕಾದದ್ದು ಎರಡನೆಯದು. ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯೊಂದಿಗೆ ಆ ಸಾರಿಗೆ ಕಪ್ಪು ಬಣ್ಣವನ್ನೂ ಘಾಟನ್ನೂ ಕೊಡುವ, ಹುರಿದು ಪುಡಿ ಮಾಡಿದ ಕರಿಮೆಣಸನ್ನು ಮಾತ್ರ ‘ಪಿಪೆರ್ ನೆಗ್ರು’ ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಇವೆರಡು ಅದಲುಬದಲಾದರೆ ಆಗುವುದು ಪಂದಿ ಕರಿಯಲ್ಲ.

ಸ್ನೇಹಿತೆಯ ಉತ್ತರದಲ್ಲಿ ‘ಪಿಪೆರಾತ್’ ಎಂಬ ಪದ ಕಂಡರೆ ಸಂದರ್ಭ ನೋಡಿ ಅರ್ಥಮಾಡಿಕೊಳ್ಳಿ. ಅಡುಗೆಯ ಬಗ್ಗೆ ಹೇಳಿದರೆ ಮೆಣಸು ಹಾಕಿದ್ದು ಎಂದರ್ಥ. ಬೆಲೆಯ ಬಗ್ಗೆ ಹೇಳಿದರೆ ದುಬಾರಿ ಎಂದರ್ಥ.