ಕರ್ಫ್ಯೂ ದಿನಗಳಲ್ಲಿ ಎದೆಹಾಲು, ಕುಡಿಯುವ ನೀರು ಮತ್ತು ನಾಲ್ಕು ವರ್ಷದ ಮಗುವಿನ ಭಯ

ಹೊರಗೆ ಗಲಭೆ, ಯಾವಾಗ ಕರ್ಫ್ಯೂ ಹಾಕುತ್ತಾರೋ ಗೊತ್ತಿಲ್ಲ, ಕರೆಂಟು ನೀರು ಎರಡನ್ನೂ ನೆಚ್ಚುವಂತಿಲ್ಲ ಎಂದು ಬರೆದಿದ್ದೀರಿ. ಮನೆಯಲ್ಲಿ 5 ತಿಂಗಳ ಕೂಸು, 4 ವರ್ಷದ ಮಗಳು. ಹೆದರಿಕೆಗೆ ಎದೆಹಾಲು ಬತ್ತುತ್ತಿದೆಯೇನೋ, ಡಬ್ಬಿ ಹಾಲು ಶುರು ಮಾಡಲೇ, ದಿನ ದೂಡುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಡಬ್ಬಿ ಹಾಲಿನ ವಿಷಯವನ್ನೇ ಮೊದಲು ಹೇಳುತ್ತೇನೆ. ದಯವಿಟ್ಟು ಅವಸರ ಮಾಡಬೇಡಿ. ಹೆದರಿಕೆಗೆ ಹಾಲು ಬತ್ತುವುದಿಲ್ಲ. ಹಾಲು ಉತ್ಪತ್ತಿಯಾಗುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನಿಂದ, ಉತ್ಪತ್ತಿಯಾದದ್ದು ಇಳಿಯುವುದು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿನಿಂದ. ಆತಂಕ ತಡೆಯುವುದು ಎರಡನೆಯದನ್ನು, ಅದೂ ಸ್ವಲ್ಪ ಹೊತ್ತು. ಎದೆಯಲ್ಲಿ ಹಾಲು ಇದ್ದೇ ಇರುತ್ತದೆ, ಇಳಿಯಲು ತಡವಾಗುತ್ತದೆ ಅಷ್ಟೆ. ಕೂಸು ನಾಲ್ಕು ಸಲ ಚೀಪಿ, ಬಾಯಿ ಬಿಟ್ಟು, ಬೆನ್ನು ಸೆಟೆದು ರಚ್ಚೆ ಹಿಡಿಯುತ್ತದೆ. ಹಾಲಿಲ್ಲ ಎಂದುಕೊಂಡು ಆಗ ಬಾಟಲಿ ಕೊಟ್ಟರೆ ಅದು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದರೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ.

ಕಿಟಕಿಯಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ. ಕೂಸಿನ ಅಂಗಿ ಬಿಚ್ಚಿ, ಮೈಗೆ ಮೈ ತಾಗುವಂತೆ ಎದೆಗವಚಿಕೊಂಡು ಮೇಲೊಂದು ಬಟ್ಟೆ ಹೊದ್ದುಕೊಳ್ಳಿ. ಎದೆಯ ಬುಡದಿಂದ ತೊಟ್ಟಿನ ಕಡೆಗೆ ಬೆರಳುಗಳಿಂದ ಮೃದುವಾಗಿ ನೀವುತ್ತಾ, ಉಸಿರನ್ನು ನಿಧಾನವಾಗಿ ಬಿಡಿ. ಕೆಲವು ನಿಮಿಷ ಹೀಗೆ ಕೂತ ಮೇಲೆ ಬಾಯಿಗೆ ಕೊಡಿ. ಹಗಲು ರಾತ್ರಿ ಸೇರಿ 8 ಸಲವಾದರೂ ಕುಡಿಸಿ. ರಾತ್ರಿಯ ಹಾಲನ್ನು ಬಿಡಿಸಬೇಡಿ, ಪ್ರೊಲ್ಯಾಕ್ಟಿನ್ ಹೆಚ್ಚಿರುವುದು ರಾತ್ರಿಯೇ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಒದ್ದೆಯಾದ ಬಟ್ಟೆ ಎಣಿಸಿ: 24 ಗಂಟೆಯಲ್ಲಿ 6 ಅಥವಾ ಹೆಚ್ಚು ಇದ್ದು ಮೂತ್ರ ತಿಳಿಯಾಗಿದ್ದರೆ ಸಾಕಾಗುತ್ತಿದೆ. ಮೂತ್ರ ಕಡಿಮೆಯಾಗಿ ಕಡು ಹಳದಿಯಾಗಿದ್ದರೆ, ನೆತ್ತಿ ಒಳಗೆ ಕುಸಿದಿದ್ದರೆ, ಕೂಸು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಕರ್ಫ್ಯೂ ಇದ್ದರೂ ವೈದ್ಯರ ಹತ್ತಿರ ತಲುಪಲೇಬೇಕು. 6 ತಿಂಗಳು ತುಂಬುವವರೆಗೆ ಎದೆಹಾಲು ಕುಡಿಯುವ ಕೂಸಿಗೆ ಸೆಕೆಯಲ್ಲೂ ಬೇರೆ ನೀರು ಬೇಡ.

ಡಬ್ಬಿ ಹಾಲು ಈಗಾಗಲೇ ಅಭ್ಯಾಸವಾಗಿದ್ದರೆ ಒಂದು ಮಾತು. ಪುಡಿ ಮುಗಿಯುತ್ತಾ ಬಂತೆಂದು ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡಬೇಡಿ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಪೋಷಣೆ ಸಿಗುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಕುದಿಸಿದ ನೀರನ್ನು 30 ನಿಮಿಷಕ್ಕಿಂತ ಹೆಚ್ಚು ಆರಲು ಬಿಡದೆ, 70 ಡಿಗ್ರಿಗಿಂತ ಬಿಸಿ ಇರುವಾಗಲೇ ಪುಡಿ ಕಲಸಬೇಕು, ಏಕೆಂದರೆ ಪುಡಿಯೊಳಗೇ ಬ್ಯಾಕ್ಟೀರಿಯಾ ಇರಬಹುದು. ಆಮೇಲೆ ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. 2 ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಿಬಿಡಿ. ನೀರಿಗೆ ತತ್ವಾರವಿರುವಾಗ ಬಾಟಲಿ, ನಿಪ್ಪಲ್ ಸರಿಯಾಗಿ ತೊಳೆಯಲು ಆಗುವುದಿಲ್ಲ. ಒಳಲೆಯಲ್ಲೋ ಸಣ್ಣ ಲೋಟದಲ್ಲೋ ಕುಡಿಸಿದರೆ ಆ ಕಷ್ಟವಿಲ್ಲ.

ಕುಡಿಯಲು, ಅಡುಗೆಗೆ ಎಂದು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರಿನಂತೆ ಕನಿಷ್ಠ 3 ದಿನದ ನೀರು ಹಿಡಿದಿಡಿ. ಹಾಲೂಡಿಸುವವರು ನೀವಾದ್ದರಿಂದ ನಿಮ್ಮ ಪಾಲು ಇನ್ನೂ ಸ್ವಲ್ಪ ಹೆಚ್ಚಿರಲಿ. ಕಲಕು ನೀರನ್ನು ಬಟ್ಟೆಯಲ್ಲಿ ಸೋಸಿ, ಗುಳ್ಳೆ ಉಕ್ಕುವಂತೆ 1 ನಿಮಿಷ ಕುದಿಸಿದರೆ ಸಾಕು. ಹೆಚ್ಚು ಹೊತ್ತು ಕುದಿಸಿದರೆ ಗ್ಯಾಸ್ ದಂಡ. ಗ್ಯಾಸ್ ಇಲ್ಲದಿದ್ದರೆ ಶೇ. 5ರಿಂದ 6ರ, ಪರಿಮಳ ಬೆರೆಸದ ಬ್ಲೀಚ್ ದ್ರಾವಣವನ್ನು ಲೀಟರಿಗೆ 2 ಹನಿ ಹಾಕಿ, ಕಲಕಿ, 30 ನಿಮಿಷ ಬಿಡಿ.

ಇಲ್ಲಿ ಎಲ್ಲರೂ ಮರೆಯುವ ವಿಷಯವೊಂದಿದೆ. ಯಾವಾಗಲೂ ಖಾಲಿ ಇರುತ್ತಿದ್ದ ಬಕೆಟ್ಟು, ಟಬ್ಬು ಈಗ ತುಂಬಿ ನಿಂತಿರುತ್ತವೆ. ಪುಟ್ಟ ಮಕ್ಕಳಿಗೆ ತಲೆಯ ಭಾರವೇ ಹೆಚ್ಚು. ಬಗ್ಗಿ ಇಣುಕಿ ತಲೆಕೆಳಗಾಗಿ ಬಿದ್ದರೆ ಮೇಲೇಳಲು ಆಗುವುದಿಲ್ಲ, ಗೇಣು ನೀರಿದ್ದರೂ ಜೀವ ಹೋಗುತ್ತದೆ, ಸದ್ದೂ ಆಗುವುದಿಲ್ಲ. ನೀರನ್ನು ಬಿಗಿ ಮುಚ್ಚಳದ ಕ್ಯಾನುಗಳಲ್ಲಿ ತುಂಬಿ, ಬಚ್ಚಲ ಬಾಗಿಲಿಗೆ ಮಕ್ಕಳ ಕೈಗೆಟುಕದ ಕಡೆ ಚಿಲಕ ಹಾಕಿ. ಅದೇ ರೀತಿ ಇದ್ದಿಲ ಒಲೆ, ಜನರೇಟರ್ ಮನೆಯೊಳಗೆ ಬೇಡವೇ ಬೇಡ. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.

ಮಗಳಿಗೆ ಭೇದಿಯಾದರೆ, ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, 1 ಲೀಟರ್ ಶುದ್ಧ ನೀರಿಗೆ ಮೇಲೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಂದಾಜಿನಲ್ಲಿ ಹಾಕಬೇಡಿ. ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಮಿಲಿ, ಗುಟುಕು ಗುಟುಕಾಗಿ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಶುರು ಮಾಡಿ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ.

ಇನ್ನು ಮಗಳ ಮನಸ್ಸು. ನಿಲ್ಲಿಸಿದ್ದ ಬೆರಳು ಚೀಪುವುದು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಸೆರಗು ಬಿಡದೆ ಅಂಟಿಕೊಳ್ಳುವುದು ಮತ್ತೆ ಶುರುವಾಗಬಹುದು. ಅದು ಹಟವಲ್ಲ, ಭಯ. ಗದರಿದರೆ ಹೆಚ್ಚುತ್ತದೆ. ಹಾಸಿಗೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಣ ಬಟ್ಟೆ ಪಕ್ಕದಲ್ಲೇ ಇಟ್ಟುಕೊಂಡು, ಮಾತಿಲ್ಲದೆ ಬದಲಾಯಿಸಿ ಮಲಗಿಸಿ. ಟಿವಿ ಸುದ್ದಿ ಅವಳ ಕಿವಿಗೂ ಕಣ್ಣಿಗೂ ಬೀಳದಿರಲಿ. ಅದೇ ಬೆಂಕಿಯ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಅವಳ ಪಾಲಿಗೆ ಅದು ಹತ್ತು ಬೆಂಕಿ. ಸದ್ದಾದಾಗ ‘ಏನೂ ಇಲ್ಲ’ ಎನ್ನಬೇಡಿ, ನಿಮ್ಮ ಮುಖದಲ್ಲಿ ಅವಳಿಗೆ ಬೇರೆಯೇ ಕಾಣುತ್ತಿರುತ್ತದೆ. ‘ಹೊರಗೆ ದೊಡ್ಡವರು ಜಗಳ ಆಡ್ತಿದಾರೆ ಪುಟ್ಟಿ, ಅದಕ್ಕೇ ನಾವು ಒಳಗಿದೀವಿ. ಅಮ್ಮ ನಿನ್ನ ಹತ್ರಾನೇ ಇದೀನಿ’ ಎನ್ನಿ, ಅಷ್ಟು ಸಾಕು. ಗಡಿಯಾರದ ಲೆಕ್ಕ ತಪ್ಪಿದರೂ ಕೆಲಸಗಳ ಸರದಿ ತಪ್ಪಿಸಬೇಡಿ: ಊಟ, ಮುಖ ತೊಳೆಯುವುದು, ಕತೆ, ದೀಪ ಆರಿಸುವುದು. ಮೇಣದ ಬತ್ತಿಯ ಬೆಳಕಿನಲ್ಲಾದರೂ ಸರಿ, ಅದೇ ಸರದಿ. ಮುಂದೇನು ಎಂದು ಗೊತ್ತಿದ್ದರೆ ಮಗುವಿಗೆ ನಿದ್ದೆ ಬರುತ್ತದೆ.

ಮನೆ ಬಿಡಬೇಕಾದರೆ ಎಂದು ಒಂದು ಚೀಲ ಬಾಗಿಲ ಹತ್ತಿರ ಇರಲಿ: ಗುರುತಿನ ಕಾಗದಗಳು, ಲಸಿಕೆ ಕಾರ್ಡು, ಔಷಧಿ, ಬಟ್ಟೆ, ಟಾರ್ಚು, ನೀರು. ಇಬ್ಬರ ಅಂಗಿಯ ಒಳಮಗ್ಗುಲಲ್ಲೂ ಹೆಸರು, ಎರಡು ಫೋನ್ ನಂಬರು ಬರೆದ ಬಟ್ಟೆ ತುಂಡು ಹೊಲಿಯಿರಿ. ಹೊರಗೆ ಕಾಣುವಂತೆ ಬೇಡ, ಅಪರಿಚಿತರು ಹೆಸರು ಹಿಡಿದು ಕರೆಯಬಾರದು. ಮಗಳಿಗೆ ನಿಮ್ಮ ಪೂರ್ತಿ ಹೆಸರು, ನಂಬರನ್ನು ಹಾಡಿನಂತೆ ಬಾಯಿಪಾಠ ಮಾಡಿಸಿ. ‘ಅಮ್ಮ’ ಎಂದಷ್ಟೇ ಹೇಳಿದರೆ ಯಾರಿಗೂ ಹುಡುಕಲಾಗದು.

ಲಸಿಕೆಯ ದಿನ ತಪ್ಪಿದರೆ ಹಾಕಿಸಿದ್ದೆಲ್ಲ ವ್ಯರ್ಥವಾಗುವುದಿಲ್ಲ. ಸಾಮಾನ್ಯವಾಗಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ. ಆದರೆ ಭೇದಿ ತಡೆಯುವ ರೋಟಾವೈರಸ್ ಲಸಿಕೆಯಂಥ ಕೆಲವಕ್ಕೆ ವಯಸ್ಸಿನ ಮಿತಿ ಇರುವುದರಿಂದ ದಾರಿ ತೆರೆದ ಮೊದಲ ದಿನವೇ ಕೂಸನ್ನು ಕರೆದುಕೊಂಡು ಹೋಗಿ.