ಒಂದು ಪೌಂಡಿನ ಚೀಟಿ ನಾಲ್ಕನೇ ಪುಟದಲ್ಲಿ ಯಾಕೆ ಕೂತಿದೆ?

ನಮಸ್ಕಾರ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ನಗರಸಭೆಗಳು ತಾಯಿ-ಮಗುವಿಗಾಗಿ ತೆರೆದ ಕ್ಲಿನಿಕ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಮ್ಮ ಪತ್ರಿಕೆಯಲ್ಲಿ ಹೀಗೇ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಬರೀ ತಾಯ್ತನದ ಹಿರಿಮೆ. ತೆಗೆದುಬಿಡಿ. ನಾಲ್ಕನೇ ಪುಟದಲ್ಲಿ ಹಡರ್ಸ್‌ಫೀಲ್ಡ್‌ನ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ ಒಂದೇ ಸಾಲಲ್ಲಿ ಬಂದು ಹೋಗುತ್ತಾರೆ. ಅಯ್ಯೋ, ಕಥೆ ಇರುವುದೇ ಅಲ್ಲಿ! 1904ರಲ್ಲಿ ಮೇಯರ್ ಆದ ಈತ, ತಮ್ಮ ಅವಧಿಯಲ್ಲಿ ಲಾಂಗ್‌ವುಡ್ ಎಂಬ ಭಾಗದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ಪೌಂಡ್ ಕೊಡುತ್ತೇನೆಂದು ಚೀಟಿ ಬರೆದುಕೊಟ್ಟರು. ಮಗುವಿಗೆ ವರ್ಷ ತುಂಬಿದರೆ ಮಾತ್ರ ದುಡ್ಡು. ಆದರೆ ಮಗು ಹುಟ್ಟಿದ್ದೇ ಗೊತ್ತಾಗದಿದ್ದರೆ ನಗರಸಭೆಯವರು ಮನೆಗೆ ಹೋಗಿ ತಾಯಿ-ಮಗುವನ್ನು ನೋಡುವುದು ಹೇಗೆ? ಅದಕ್ಕೇ 1906ರಲ್ಲಿ ಆ ಊರು, ಹೆರಿಗೆಯಾದರೆ ಬೇಗ ತಿಳಿಸಲೇಬೇಕು ಎಂದು ತನಗೊಂದು ಕಾನೂನು ಮಾಡಿಸಿಕೊಂಡಿತು. ಮರುವರ್ಷ ಪಾರ್ಲಿಮೆಂಟೇ ಅಂಥದ್ದೊಂದು ಕಾಯಿದೆ ತಂದಿತು. 36 ಗಂಟೆಯ ಗಡುವು. ಬೇಕಾದ ಊರು ಮಾತ್ರ ಜಾರಿ ಮಾಡಬಹುದಿತ್ತು. ಎಲ್ಲ ಕಡೆ ಕಡ್ಡಾಯವಾದದ್ದು 1915ರಲ್ಲಿ.

ಒಂದು ತಪ್ಪು: ‘ಎಲ್ಲವೂ 1907ರಲ್ಲಿ ಶುರುವಾಯಿತು’ ಎಂದಿದ್ದೀರಿ. ಸೇಂಟ್ ಹೆಲೆನ್ಸ್ ನಗರಸಭೆ 1899ರಲ್ಲೇ ಶಿಶುಗಳಿಗೆ ಹಾಲಿನ ಡಿಪೋ ತೆರೆದಿತ್ತು. ಅದಕ್ಕೂ ಮಾದರಿ ಫ್ರಾನ್ಸ್‌ನ ಫೆಕಾಂ, ಅಲ್ಲಿ ಡಾಕ್ಟರ್ ಡುಫೂರ್ 1894ರಲ್ಲಿ ತೆರೆದ ಹಾಲಿನ ಕೇಂದ್ರ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ‘ಅಜ್ಞಾನಿ ತಾಯಂದಿರು’ ಎಂದು ಐದು ಸಲ ಬರೆದಿದ್ದೀರಿ. ಆ ಕಾಲದ ಎಷ್ಟೋ ಅಧಿಕಾರಿಗಳ ಮಾತೂ ಇದೇ. ನೀವೂ ಅದನ್ನೇ ಹೇಳಬೇಕಾ? ಬೇಸಿಗೆಯ ಭೇದಿಗೆ ಕೂಸುಗಳು ಸಾಯುತ್ತಿದ್ದವು. ಅವು ಕುಡಿದ ಹಾಲು ಎಷ್ಟು ಹೊತ್ತು ತೆರೆದ ಪಾತ್ರೆಯಲ್ಲಿತ್ತು, ಬಾಟಲಿ ತೊಳೆಯಲು ಮನೆಯಲ್ಲಿ ನಲ್ಲಿ ಇತ್ತಾ, ಅದನ್ನು ಕೇಳಿ.

ಉದ್ದ ರಬ್ಬರ್ ಕೊಳವೆಯ ಬಾಟಲಿಯ ಬಗ್ಗೆ ಬರೆದ ಪ್ಯಾರಾ ಮಾತ್ರ ತುಂಬ ಹಿಡಿಸಿತು. ಮಗು ಮಲಗಿದಲ್ಲೇ ಚೀಪಬಹುದು, ಅಮ್ಮ ಕೆಲಸ ನೋಡಿಕೊಳ್ಳಬಹುದು. ಆದರೆ ಕೊಳವೆಯೊಳಗೆ ಹಾಲು ಹಳಸಿ ಅಂಟುತ್ತಿತ್ತು, ತೊಳೆಯಲು ಬರುತ್ತಿರಲಿಲ್ಲ. ಓದುವಾಗ ನಮ್ಮಜ್ಜಿ ಕೂಸಿಗೆ ಹಾಲು ಕುಡಿಸುತ್ತಿದ್ದ ಒಳಲೆ ನೆನಪಾಯಿತು. ಬೆರಳಾಡಿಸಿ ತೊಳೆದರೆ ಮುಗಿಯಿತು, ಅಲ್ವಾ?

ಲಾಂಗ್‌ವುಡ್‌ನ ಒಂದು ಮನೆಯ ಬಾಗಿಲಿಂದ ಶುರು ಮಾಡಿ, ಎಂಟು ಪುಟವನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಕಳಿಸಿ. ಬಾಟಲಿಯ ಪ್ಯಾರಾಕ್ಕೆ ಮಾತ್ರ ಕೈ ಹಚ್ಚಬೇಡಿ.