ಸಣ್ಣ ಟ್ರಾವೆಲ್ ಗ್ರಾಂಟಿನಿಂದ ಮುಂದಿನ ಕೆಲಸಕ್ಕೆ ಉಪಯೋಗ ಆಗುತ್ತದಾ?

ಮಂಗಳೂರಿನಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೀರಿ. ಹೊರದೇಶದ ಆರ್ಕೈವ್ (ಹಳೆಯ ದಾಖಲೆಗಳ ಸಂಗ್ರಹ) ನೋಡಲು ಗ್ರಾಂಟಿಗೆ, ಅಂದರೆ ಪ್ರಯಾಣದ ಸಹಾಯಧನಕ್ಕೆ, ಅರ್ಜಿ ಹಾಕಿ ಅಂತ ಗೈಡ್ ಹೇಳುತ್ತಿದ್ದಾರೆ. ಕೆಲವೇ ವಾರ ಹೋಗಿ ಬಂದರೆ ಮುಂದೆ ಏನು ಸಿಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಹಾಕಿ. ನಾನು ಇವತ್ತು ಮಾಡುತ್ತಿರುವ ಕೆಲಸ ಅಂಥದ್ದೇ ಒಂದು ಗ್ರಾಂಟಿನಿಂದ ಬಂದದ್ದು.

ನನ್ನ ವಿಷಯ ಮಂಗಳೂರು ಹೆಂಚು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ಆವೆಮಣ್ಣು ಹತ್ತಿರದಲ್ಲೇ ಇತ್ತು. ಇಷ್ಟು ಎಲ್ಲರಿಗೂ ಗೊತ್ತು. ಮಣ್ಣು ಹದ ಮಾಡಿದವರು ಯಾರು, ಕೂಲಿ ಎಷ್ಟು, ಯಾರು ಯಾಕೆ ಕೆಲಸ ಬಿಟ್ಟರು? ನನಗೆ ಬೇಕಿದ್ದದ್ದು ಅದು. ಅದಕ್ಕೆ ಇಲ್ಲಿಂದ ಹೋದ ಪತ್ರ, ವರದಿಗಳನ್ನೇ ನೋಡಬೇಕು. ಅವು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಮಿಷನ್ನಿನ ಆರ್ಕೈವಿನಲ್ಲಿವೆ.

ಹಳೆಯ ಪತ್ರಗಳು ಹೆಚ್ಚಾಗಿ ಜರ್ಮನ್‌ನಲ್ಲಿವೆ, ಅದೂ ಕುರೆಂಟ್ ಎಂಬ ಕೈಬರಹದಲ್ಲಿ. ಅದರಲ್ಲಿ ‘e’ ಮತ್ತು ‘n’ ಅಕ್ಷರಗಳು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಇವತ್ತಿನ ಜರ್ಮನರಿಗೂ ಸಲೀಸಾಗಿ ಓದಲು ಬರುವುದಿಲ್ಲ. ಗ್ರಾಂಟ್ ಮಂಜೂರಾಗದಿದ್ದರೆ ನಾನು ಅದನ್ನು ಕಲಿಯುತ್ತಲೇ ಇರಲಿಲ್ಲ. ಹೊರಡುವ ದಿನ ಗೊತ್ತಾಗಿತ್ತಲ್ವಾ, ರಾತ್ರಿ ಕೂತು ಕಲಿತೆ.

ಥೀಸಿಸ್ ಮುಗಿದಾಗ ಕೈ ಹಿಡಿದದ್ದು ಆ ಓದೇ. ಹೆಂಚಿನ ಇತಿಹಾಸ ಬಲ್ಲವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಬರಹ ಓದಿ ಕನ್ನಡದಲ್ಲಿ ಹೇಳುವವರು ತೀರ ಕಡಿಮೆ. ಈಗ ಹಳೆಯ ಕಾಗದಪತ್ರಗಳ ಪಟ್ಟಿ ಮಾಡುವುದೇ ನನ್ನ ನೌಕರಿ. ಕಾರ್ಖಾನೆಯ ಒಬ್ಬ ಕೆಲಸಗಾರನ ಹೆಸರು ಪತ್ರದಲ್ಲಿ ಸಿಕ್ಕಿದರೆ ಈಗಲೂ ಆ ದಿನವಿಡೀ ಖುಷಿ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ. ಬಾಸೆಲ್ ಆರ್ಕೈವಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಘಾನಾದ ಸಂಶೋಧಕಿಯೊಬ್ಬರು ಕೂರುತ್ತಿದ್ದರು. ಅವರ ದೇಶಕ್ಕೆ ಇದೇ ಮಿಷನ್ 1828ರಲ್ಲೇ ಹೋಗಿತ್ತು. ಊಟದ ಹೊತ್ತಿನ ಮಾತಿನಲ್ಲೇ ನನ್ನ ಪ್ರಶ್ನೆ ದೊಡ್ಡದಾಯಿತು. ನಂತರದ ಲೇಖನವನ್ನು ನಾವಿಬ್ಬರೂ ಸೇರಿ ಬರೆದೆವು.

ಅರ್ಜಿ ಬರೆಯುವಾಗ ಒಂದು ವಿಷಯ ಗಮನಿಸಿ. ಬಾಸೆಲ್ ಆರ್ಕೈವಿನ ಹಳೆಯ ಫೋಟೋಗಳನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದು. ಹಾಗಾಗಿ ಸುಮ್ನೆ ‘ಆರ್ಕೈವ್ ನೋಡಬೇಕು’ ಅಂದರೆ ಸಾಲದು. ಮೊದಲು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಅಲ್ಲಿ ಸಿಗದ್ದು ಯಾವುದು, ಅದು ಯಾವ ಕಡತದಲ್ಲಿದೆ ಎಂದು ಕಡತದ ನಂಬರ್ ಸಮೇತ ಬರೆಯಿರಿ. ಆರ್ಕೈವಿನವರಿಗೆ ಮೊದಲೇ ಮೇಲ್ ಮಾಡಿದರೆ ನಂಬರ್ ಹುಡುಕಲು ಸಹಾಯ ಮಾಡುತ್ತಾರೆ. ನಿಮ್ಮ ದಾಖಲೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದ್ದರೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟಿನ ಗ್ರಾಂಟ್ ನೋಡಿ. ಹಣ ಮೊದಲೇ ಕೊಡುತ್ತಾರಾ, ಬಿಲ್ ತೋರಿಸಿದ ಮೇಲಾ ಅಂತ ಕೇಳಿಕೊಳ್ಳಿ. ಟಿಕೆಟಿಗೆ ಸಾಲ ಮಾಡುವ ಹಾಗಾಗಬಾರದು.